ಬಿಡಿ ಅಕ್ಷರ

ಅಜ್ಮಾನಿನ ಜುರ್ಫಿನಲ್ಲಿ, ಟೈರಿನಂಗಡಿಯ ಹಿಂದೆ,
ತಗಡಿನ ಶೆಡ್ಡಿನೊಳಗೆ ನನ್ನ ಕೆಲಸ:
ಮುಚ್ಚಿದ ಅಂಗಡಿಗಳ ಹೆಸರು ಕಳಚಿ ತರುವುದು,
ಬೆನ್ನಿನ ಸಿಲಿಕಾನು ಕೆರೆದು, ಪಾರಿವಾಳದ ಹಿಕ್ಕೆ ತೊಳೆದು
ಜಾತಿವಾರು ಗೋಡೆಗೆ ಒರಗಿಸಿಡುವುದು.

ಇಂಗ್ಲಿಷು ನಾನು ಕಲಿತದ್ದು ಹೀಗೆ,
ಹದಿನೆಂಟಿಂಚಿನ ಎತ್ತರದಲ್ಲಿ, ಒಂದೊಂದನ್ನೇ ಹೆಗಲಲ್ಲಿ ಹೊತ್ತು.
ಡಬ್ಲ್ಯೂ ಭಾರ. ಐ ಹಗುರ.
ಎಸ್ಸನ್ನು ಎಲ್ಲಿ ಹಿಡಿದರೂ ಜಾರುತ್ತದೆ, ಬಂಗುಡೆಯ ಹಾಗೆ.

ಅರಬ್ಬಿ ಅಕ್ಷರ ಹಾಗಲ್ಲ, ಕೈಕೈ ಹಿಡಿದು ನಿಂತ ಮನೆಮಂದಿ,
ಒಬ್ಬರನ್ನು ಕಿತ್ತರೆ ಇನ್ನೊಬ್ಬರ ತೋಳೂ ಬರುತ್ತದೆ.
ಪ್ರತಿ ಅಂಗಡಿಗೂ ಹೊಸದಾಗಿಯೇ ಕೊರೆಯಬೇಕು.
ನಮ್ಮದೂ ಅಷ್ಟೇ: ತಲೆಕಟ್ಟು ಮೇಲೆ ಕೂತು,
ಕೊಂಬು ಬಗಲಿಗೆ ಅಂಟಿ, ಒತ್ತು ಕಾಲಿಗೆ ಜೋತುಬಿದ್ದು.
ಇಂಗ್ಲಿಷಿನವು ಮಾತ್ರ ಬ್ಯಾಚುಲರ್ ರೂಮಿನವರು.
ಬೆಡ್‌ಸ್ಪೇಸು ಎಲ್ಲಿ ಸಿಕ್ಕರೆ ಅಲ್ಲಿ.
ನಿನ್ನೆ ಒಂದು ಶಬ್ದ, ಇವತ್ತು ಇನ್ನೊಂದು,
ಪಕ್ಕದಲ್ಲಿ ಮಲಗಿದವನ ಊರು ಕೇಳುವುದಿಲ್ಲ.

ಮಾರ್ಚಿನಲ್ಲಿ ರಾಶಿದಿಯಾದ ಸಲೂನು ಮುಚ್ಚಿತು.
ಎಸ್, ಎ, ಎಲ್, ಓ, ಎನ್, ಐದೂ ಇಳಿಸಿ ತಂದೆ.
ಏಪ್ರಿಲಿನಲ್ಲಿ ಅದೇ ಬಾಗಿಲಿಗೆ ಸಾಲ ಕೊಡಿಸುವ ಏಜೆಂಟರು ಬಂದರು,
ಗಾಜಿಗೆ ಹೊಸ ಫಿಲ್ಮು, ಕುರ್ಚಿ ಹಳೆಯವೇ.
ಬೋರ್ಡು: ಲೋನ್ಸ್.
ಎಲ್, ಓ, ಎ, ಎನ್, ಎಸ್.
ಶೆಡ್ಡಿನ ನೆಲದಲ್ಲಿ ಕೂತು ಎರಡು ಸಲ ಎಣಿಸಿದೆ.
ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.
ಮುದೀರ್ ವಜ್ದಿ ನಕ್ಕ, ಬಿಲ್ಲಿನಲ್ಲಿ ಬರೆದ:
ಹೊಸ ಅಕ್ಷರ, ಐದು.

ಏಣಿಯ ಮೇಲೆ ಸ್ಕ್ರೂ ಬಿಗಿಯುವಾಗ ಕೆಳಗೆ
ಕತ್ತರಿ ಹಿಡಿಯುತ್ತಿದ್ದ ತೊಫಜ್ಜಲ್ ನಿಂತಿದ್ದ, ಸಿಲೆಟಿನವನು.
ಇಂಗ್ಲಿಷು ಓದಲು ಅವನಿಗೆ ಬಾರದು.
ಎ ಅಕ್ಷರದ ಎಡಗಾಲಲ್ಲೊಂದು ಬಿರುಕು,
ಹಿಂದೊಮ್ಮೆ ಅವನೇ ಶಟರಿನ ಕೋಲು ತಾಗಿಸಿದ್ದು.
ಅದನ್ನು ನೋಡಿ, 'ಭಾಯ್, ಇದು ನನ್ನದಲ್ಲವಾ' ಎಂದ.
ಹೌದೆಂದೆ.
ಏನು ಬರೆದಿದೆ ಎಂದು ಕೇಳಲಿಲ್ಲ.
ಆಮೇಲೊಂದು ದಿನ ಗಾಜಿನಾಚೆ ಕಂಡ,
ತನ್ನದೇ ಕುರ್ಚಿಯಲ್ಲಿ, ಗಿರಾಕಿಯ ಹಾಗೆ
ಕತ್ತು ಬಗ್ಗಿಸಿ ಕೂತಿದ್ದ.

ಅಂದಿನಿಂದ ನನಗಿದೊಂದು ಚಟ.
ಎಕ್ಸ್‌ಚೇಂಜಿನ ಸಾಲಿನಲ್ಲಿ ನಿಂತು
ಗಾಜಿನ ಮೇಲಿನ ರೆಮಿಟ್ ಒಡೆದು ನೋಡುತ್ತೇನೆ.
ಅದೇ ಐದರಲ್ಲಿ ಟೈಮರ್ ಇದೆ, ನಮ್ಮ ಕೋಣೆಯ ಏಸಿಯದು,
ರಾತ್ರಿ ಎರಡಕ್ಕೆ ನಿಲ್ಲುವಂತೆ ಮಾಲೀಕ ತಿರುಗಿಸಿಟ್ಟದ್ದು.
ಮೆರಿಟ್ ಇದೆ, ಗಂಗೊಳ್ಳಿಯಿಂದ ಮಗಳು ಮನ್ವಿತಾ
ಫೋಟೋ ಹಿಡಿದು ಕಳಿಸಿದ ಕಾಗದದ್ದು,
ಮೂಲೆಯಲ್ಲಿ ಅವಳ ಹೆಬ್ಬೆರಳೂ ಬಿದ್ದಿದೆ.

ಅವಳಿಗೆ ಹೇಳಿದೆ, ಈಗ ಅವಳಿಗೂ ಹಿಡಿದಿದೆ.
ಪಾಮ್ ಮರದೊಳಗೆ ಲ್ಯಾಂಪ್ ಉರಿಯುತ್ತದಂತೆ.
ಹೀಟ್ ಬಿಡಿಸಿದರೆ ಹೇಟ್ ಅಂತೆ;
ಇಲ್ಲಿ ಜುಲೈಯಲ್ಲಿ ಅದನ್ನು ಬಿಡಿಸುವುದೇ ಬೇಡ ಎಂದೆ.
ಮೊನ್ನೆ ಫೋನು: 'ಅಪ್ಪಾ, ಲಾಂಡ್ರಿಯೊಳಗೆ
ಎನ್, ಎ, ಡಿ, ಯು. ನಾಡು!'
ಅದು ಇಂಗ್ಲಿಷಲ್ಲ ಮಗಾ, ಆಟಕ್ಕೆ ಬರುವುದಿಲ್ಲ ಎಂದೆ.
'ಒಳಗಿದೆಯಲ್ಲ' ಎಂದಳು.
ಒಗೆದು ಇಸ್ತ್ರಿ ಹಾಕಿದ ಮೇಲೂ ಇದೆ, ನಿಜ.
ಉಳಿದದ್ದು ಎಲ್, ಆರ್, ವೈ. ಮೂರೂ ಸೇರಿ ಏನೂ ಆಗುವುದಿಲ್ಲ.
ಅಂಥವನ್ನು ನಾವು ಪೆಟ್ಟಿಗೆಗೆ ಹಾಕಿಡುತ್ತೇವೆ.

ಪೆಟ್ಟಿಗೆಯ ತಳದಲ್ಲೊಂದು ಓ ಇದೆ, ಯಾವ ಅಂಗಡಿಯದೋ,
ನಾಲ್ಕು ವರ್ಷದಿಂದ ಯಾರೂ ಕೇಳಿಲ್ಲ.
ನಮ್ಮ ಅಳಿವೆಯಲ್ಲಿ ಕತ್ತಲಲ್ಲಿ ದೋಣಿಯಿಂದ ಹೆಸರು ಕೂಗಿದರೆ
ದಡದಲ್ಲಿರುವವರು ಕೊಡುವುದು ಇದನ್ನೇ.
ನಿನ್ನೆ ರಾತ್ರಿ ಅದರೊಳಗೆ ಹೊಸ ಎಲ್‌ಇಡಿ ಪಟ್ಟಿ ಅಂಟಿಸಿ,
ಯಾರೂ ಇಲ್ಲದ್ದು ನೋಡಿ ಪ್ಲಗ್ಗು ಹಾಕಿದೆ.
ಬಲಬದಿ ಹತ್ತಲಿಲ್ಲ.
ಸಿ ಆಯಿತು.
ಇರಲಿ. ಕ್ಲಿನಿಕ್ಕಿನವರು ಒಂದು ಸಿ ಕೇಳಿದ್ದರು.