ಕಾಲು ತೊಳೆಯುವ ಹೊತ್ತು

ಮಂತ್ರಿಗಳು ಮಾತಾಡುವುದು ಅವನ ಮುಖದ ಜೊತೆ.
ನಾನು ಪಾದದ ಜೊತೆ.
ಶುಂಠಿ ಜಜ್ಜಿ ಹಾಕಿದ ಬಿಸಿನೀರು, ಹಿತ್ತಾಳೆ ಬೋಗುಣಿ,
ಹೊರಗೆ ಅಂಗಳದಲ್ಲಿ ಹಿಮ ಗುಡಿಸುವ ಹುಡುಗರ ಪೊರಕೆ.
ನಲವತ್ತೊಂದು ಚಳಿಗಾಲದಿಂದ ಬಲ್ಲೆ ಈ ಕಾಲುಗಳನ್ನು:
ಎಡಗಾಲಿನ ಗಾಯ ಕುದುರೆಯಿಂದ ಬಿದ್ದ ವರ್ಷದ್ದು,
ಬಲಗಾಲಿನ ಗಂಟು ಬರೀ ಮುಪ್ಪು.

ಕಣ್ಣಿಗೆ ಪೊರೆ ಬಂದು ಆರು ವರ್ಷ.
ದೇಶದ ಅರ್ಜಿಗಳೆಲ್ಲ ಈಗ ನನ್ನ ಗಂಟಲಲ್ಲಿ ಬರುತ್ತವೆ,
ಎಂದೂ ದನಿ ಒಡೆಯದ ಹುಡುಗನ ಗಂಟಲು,
ಅದರಲ್ಲಿ ಬರಗಾಲವೂ ಕೊಂಚ ಕೀಚಲಾಗಿ ಕೇಳುತ್ತದೆ.
ಒಂದಕ್ಷರ ಬಿಟ್ಟಿಲ್ಲ, ಒಂದಕ್ಷರ ಸೇರಿಸಿಲ್ಲ.
ಕಿವಿಯೂದುವವನು ಎನ್ನುತ್ತಾರೆ ಹೊರಗೆ.
ಎನ್ನಲಿ.

"ಯಾನ್ ಝುವೊ," ಎಂದ ನಿನ್ನೆ ರಾತ್ರಿ, ಕಾಲು ನೀರಲ್ಲಿಟ್ಟುಕೊಂಡೇ,
"ನನ್ನ ನಂತರ ಯಾರು?"

ಮಕ್ಕಳಿಲ್ಲದವನನ್ನು ಮಕ್ಕಳ ಬಗ್ಗೆ ಕೇಳುವುದು!
ನೆಲಕ್ಕೆ ಹಣೆ ಹಚ್ಚಿದೆ.
ಈ ಬಾಯಿಗೆ ಅದು ದೊಡ್ಡ ತುತ್ತು ಎಂದೆ.
"ನೀರು ಆರುತ್ತಿದೆ. ಬೇಗ ಹೇಳು."

ನನಗೆ ಗೊತ್ತಿರುವುದು ಜೋಡುಗಳು,
ತಿಂಗಳಿಗೊಮ್ಮೆ ನನ್ನ ಹುಡುಗರು ತೊಳೆಯಲು ತರುವ ಜೋಡುಗಳು.
ಎರಡನೆಯ ರಾಜಕುಮಾರನದು ಅಡಿ ಸವೆದೇ ಇಲ್ಲ,
ಹೋದಲ್ಲೆಲ್ಲ ಪಲ್ಲಕ್ಕಿ.
ನಾಲ್ಕನೆಯವನದು ಸವೆಯುವುದು ಮುಂಗಾಲಲ್ಲಿ ಮಾತ್ರ,
ಬಾಗಿಲ ಹಿಂದೆ ತುದಿಗಾಲಲ್ಲಿ ನಿಲ್ಲುವವರದು ಹಾಗೆ.
ಒಂಬತ್ತನೆಯವನದು, ಕ್ಷಮಿಸಬೇಕು, ಗಬ್ಬು ನಾರುತ್ತದೆ.
ಕಾಲುವೆ ಒಡೆದ ಕಡೆಯ ಹಳದಿ ಕೆಸರು,
ಹೊಲಿಗೆಯೊಳಗೆ ಹೊಕ್ಕದ್ದು
ಮೂರು ಸಲ ತೊಳೆದರೂ ಹೋಗಿಲ್ಲ.

ಅಷ್ಟೇ ಹೇಳಿದ್ದು.
ಅವನು ಬಹಳ ಹೊತ್ತು ಬೆರಳುಗಳನ್ನು ನೀರಲ್ಲಿ ಆಡಿಸಿದ.
"ಅವನ ತಾಯಿ ಬಟ್ಟೆ ಒಗೆಯುವವಳು," ಎಂದ.
ಅದಕ್ಕೇ ಇರಬೇಕು ಎಂದೆ, ಕೆಸರಿಗೆ ಹೇಸುವುದಿಲ್ಲ.
ನಕ್ಕ. ಕೆಮ್ಮಿದ. ಮತ್ತೆ ನಕ್ಕ.
"ಇದು ಹೊರಗೆ ಹೋದರೆ, ನಾನು ಸತ್ತ ಮರುದಿನವೇ
ನಾಲ್ಕನೆಯವನು ನಿನ್ನ ತಲೆ ತೆಗೆಸುತ್ತಾನೆ. ಗೊತ್ತಲ್ಲ?
ಏನು ಬೇಕೋ ಈಗಲೇ ಕೇಳು."

ಹೊಲ ಕೇಳಬಹುದಿತ್ತು,
ಅಣ್ಣನ ಮೊಮ್ಮಗನಿಗೊಂದು ಹುದ್ದೆ.
ಬಾಯಿಗೆ ಬಂದದ್ದು ಬೇರೆ.
ಹನ್ನೊಂದನೇ ವಯಸ್ಸಿನಲ್ಲಿ ನನ್ನಿಂದ ಕತ್ತರಿಸಿ ತೆಗೆದು,
ಸುಣ್ಣದಲ್ಲಿ ಹುದುಗಿಸಿ, ಜಾಡಿಗೆ ಹಾಕಿ,
ಕತ್ತಿಯವನು ತನ್ನ ಮನೆಯ ಜಂತಿಗೆ ನೇತುಹಾಕಿಕೊಂಡದ್ದು.
ಬಿಡಿಸಿಕೊಳ್ಳಲು ಅಪ್ಪನ ಬಳಿ ಕಾಸಿರಲಿಲ್ಲ.
ಅದಿಲ್ಲದೆ ಹೂತರೆ
ಆಚೆ ಕಡೆ ಹಿರಿಯರು ಗುರುತು ಹಿಡಿಯುವುದಿಲ್ಲವಂತೆ.

ಇವತ್ತು ಸಂಜೆ ತಂದರು.
ಅಂಗೈಯಗಲದ ಜಾಡಿಗೆ ನಾಲ್ವರು ಸವಾರರು.
ಮುಚ್ಚಳದ ಕೆಂಪು ಬಟ್ಟೆ ಕಂದಾಗಿತ್ತು, ಅಂಟಿಸಿದ ಚೀಟಿ ಹಾಗೇ ಇತ್ತು.
ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದ ಅವನು.
"ಓದು. ಹೆಸರು ಸರಿಯಿದೆಯೇ?"

ಗುವೊ ಷುನ್. ವಯಸ್ಸು ಒಂಬತ್ತು.

ಪಕ್ಕದ ಹಲಗೆಯ ಮೇಲೆ ಮಲಗಿದ್ದವನು.
ಹನಿ ನೀರೂ ಕೊಡಕೂಡದೆಂದು ಕಟ್ಟಪ್ಪಣೆ.
ನೀರು ನೀರು ಎಂದು ಮೂರು ದಿನ ಅತ್ತು
ನಾಲ್ಕನೇ ದಿನ ಸುಮ್ಮನಾದ.
ಅವನ ಕೈ ನನ್ನ ಚಾಪೆಯ ಅಂಚಿಗೆ ತಾಗುತ್ತಿತ್ತು.

ಒಂದಕ್ಷರ ಬಿಡದವನು, ಒಂದಕ್ಷರ ಸೇರಿಸದವನು
ಓದಿದೆ: ಯಾನ್ ಝುವೊ. ವಯಸ್ಸು ಹನ್ನೊಂದು.

ಕಣ್ಣು ಹೋದವರ ಕಿವಿ ಚುರುಕು.
ತಲೆ ಕೊಂಚ ಓರೆ ಮಾಡಿದ,
ಅರ್ಜಿಯಲ್ಲಿ ಸುಳ್ಳು ಲೆಕ್ಕ ಬಂದಾಗ ಮಾಡುವ ಹಾಗೆ.
ಏನೂ ಅನ್ನಲಿಲ್ಲ. ಕಾಲು ಚಾಚಿದ.
ಒರೆಸಿದೆ, ಬೆರಳಿನ ಸಂದಿ ಸಂದಿಯನ್ನೂ.

ಕೋಣೆಗೆ ಬಂದು ಜಾಡಿಯನ್ನು ಗೂಡಿನಲ್ಲಿಟ್ಟೆ.
ಎದುರಿಗೆ ಒಂದು ಬಟ್ಟಲು ನೀರು.
ಕುಡಿದರೆ ಕುಡಿಯಲಿ.