ಉಲ್ಟಾ ಸೀದಾ

ಮೂರು ದಿನದಿಂದ ಡ್ರೈವರ್ ಕಡೆಯ ಗಾಜು
ಬಾಗಿಲೊಳಗೇ ಕೂತಿದೆ, ಸಿಟ್ಟು ಮಾಡಿಕೊಂಡ ನಾದಿನಿಯ ಹಾಗೆ.
ಗುಂಡಿ ಒತ್ತಿದರೆ ಒಳಗೆಲ್ಲೋ ಟಿಕ್ ಅನ್ನುತ್ತದೆ,
ಅಷ್ಟೇ. ಬರುವುದಿಲ್ಲ.

ಸವಳಂಗ ರಸ್ತೆಯ ಧೂಳೆಲ್ಲ ನನ್ನ ಬಲಗಿವಿಗೆ.
ಬ್ಲೌಸ್ ಪೀಸ್ ಸುತ್ತಿ ಬಂದ ಪ್ಲಾಸ್ಟಿಕ್ಕು ಅಂಟಿಸಿದ್ದೆ,
ಲಕ್ಷ್ಮೀ ಟಾಕೀಸ್ ದಾಟುವಷ್ಟರಲ್ಲಿ ಹಾರಿಹೋಯಿತು.

ಸ್ಟ್ಯಾನಿ ಫೋನಿನಲ್ಲೇ ರೇಟು ಹೇಳಿದ:
"ಮೋಟರು, ರೆಗ್ಯುಲೇಟರು, ಕೂಲಿ, ಎಲ್ಲ ಸೇರಿ
ನಾಲ್ಕು ಸಾವಿರದ ಇನ್ನೂರು. ಬುಧವಾರ ಬಾ ಅಕ್ಕ."
ಬುಧವಾರ ರಿಪ್ಪನ್‌ಪೇಟೆಯ ಮದುವೆ.
ಹನ್ನೊಂದು ರವಿಕೆ ಹಿಂದಿನ ಸೀಟಿನಲ್ಲಿ ಹೋಗಬೇಕು, ಧೂಳು ತಾಗದೆ.
ನಾಲ್ಕು ಸಾವಿರದ ಇನ್ನೂರು ಅಂದರೆ
ಲೈನಿಂಗ್ ಹಾಕಿದ್ದು ಏಳು, ಹಾಕದ್ದಾದರೆ ಹದಿನಾಲ್ಕು.

ಭಾನುವಾರ ಆಟೋ ಕಾಂಪ್ಲೆಕ್ಸಿನ ಗುಜರಿ ಅಂಗಡಿ.
"ಎಡದ್ದಾ, ಬಲದ್ದಾ?" ಹುಡುಗ ಕೇಳಿದ.
ಕಾರಿನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆ,
ಅಳತೆ ತೆಗೆಯುವಾಗ ನಾನು ನಿಲ್ಲುವುದೇ ಹಾಗೆ.
"ಎಡದ್ದು" ಅಂದೆ. ಏಳುನೂರು ಕೊಟ್ಟೆ.

ಹಿಡಿಕೆಯ ಮುಚ್ಚಳ ಎಬ್ಬಿಸಿದರೆ ಅಡಿಯಲ್ಲೊಂದು ಸ್ಕ್ರೂ,
ಕೈ ಊರುವಲ್ಲಿ ಇನ್ನೊಂದು. ಆಮೇಲೆ ಅಂಚಿಗೆ
ಫರ್ಹಾನಾ ಮರದ ಸ್ಕೇಲು ತೂರಿಸಿ ಮೀಟಿದಳು:
ಟಪ್, ಟಪ್, ಕ್ಲಿಪ್ಪುಗಳು, ಹುಕ್ಕು ಬಿಟ್ಟ ಹಾಗೆ.
ಒಂದು ಮುರಿಯಿತು. "ಅಕ್ಕಾ..."
"ಇರಲಿ ಬಿಡೇ."

ಒಳಗೆ ಲೈನಿಂಗು! ತೆಳ್ಳನೆ ಪ್ಲಾಸ್ಟಿಕ್ ಹಾಳೆ,
ಸುತ್ತ ಕರಿ ಗೋಂದಿನ ಕಚ್ಚಾ ಹೊಲಿಗೆ.
ಯಾರೋ ನಮ್ಮ ಕಸುಬಿನವರೇ ಇರಬೇಕು ಅನ್ನಿಸಿತು.
ಅದರಾಚೆ ತಗಡಿನ ಹೊಟ್ಟೆ, ಗ್ರೀಸು, ಕತ್ತಲೆ,
ಬಾಬಿನ್ನಿನಂಥದಕ್ಕೆ ಸುತ್ತಿಕೊಂಡ ಉಕ್ಕಿನ ದಾರ.
ದಾರ ಸಿಕ್ಕಾಗಿರಲಿಲ್ಲ, ಮೋಟರೊಂದೇ ಸತ್ತಿತ್ತು.
ಸ್ಟ್ಯಾನೀ, ರೆಗ್ಯುಲೇಟರಿನ ದುಡ್ಡು ಉಳಿಯಿತಪ್ಪ.

ಗಾಜನ್ನು ಕೈಯಿಂದೆತ್ತಿ ಬಾಗಿಲ ತಲೆಗೆ ಟೇಪು ಹಚ್ಚಿದೆವು.
ಟೇಪಿನ ಮೇಲೆ ನಂಬಿಕೆ ಸಾಲದೆ
ಎರಡೂ ಅಂಗೈ ಒತ್ತಿ ಹಿಡಿದಳು ಹುಡುಗಿ.

ಮೂರು ಬೋಲ್ಟು. ಕಣ್ಣು ಹೋಗದ ಕಡೆ ಬೆರಳು ಹೋಗಿ
ತಾನೇ ತೂತು ಹುಡುಕುತ್ತದೆ, ಕರೆಂಟು ಹೋದ ರಾತ್ರಿಗಳಲ್ಲಿ
ಸೂಜಿ ಪೋಣಿಸಿದ ಬೆರಳು.
ತಗಡು ಮೊಣಕೈ ಗೀರಿತು. ಅಪ್ಪನ ಹಿತ್ತಾಳೆ ಅಂಗುಸ್ತಾನ
ಮೊಣಕೈಗೂ ಒಂದು ಇರಬೇಕಿತ್ತು.
ಇವರು ಹೊಸ್ತಿಲಲ್ಲಿ ಚಹಾ ಹಿಡಿದು ನಿಂತು
"ಸ್ಟ್ಯಾನಿಗೇ ಕೊಡಬಹುದಿತ್ತು" ಅಂದರು, ನಾಲ್ಕನೆಯ ಸಲ.

ಪ್ಲಗ್ ಚುಚ್ಚಿ, ಟೇಪು ಕಿತ್ತು, ಕೀಲಿ ತಿರುಗಿಸಿ
ಮೇಲಕ್ಕೆ ಒತ್ತಿದೆ.
ಗಾಜು ಇಳಿದು ಹೋಯಿತು.
ಕೆಳಕ್ಕೆ ಒತ್ತಿದೆ.
ಮೆಲ್ಲಗೆ, ಗುರ್ ಅನ್ನುತ್ತ, ಮೇಲೆ ಬಂತು
ನಮ್ಮಿಬ್ಬರ ಮುಖವನ್ನೂ ಎದುರು ಮನೆಯ ನೀರಿನ ಟ್ಯಾಂಕನ್ನೂ ಹೊತ್ತುಕೊಂಡು.
ಫರ್ಹಾನಾ ಚರಂಡಿ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕಳು.
"ಉಲ್ಟಾ ಹೊಲಿದಿದೀವಿ ಅಕ್ಕಾ!"

ಇಪ್ಪತ್ತಾರು ವರ್ಷದಲ್ಲಿ ಒಂದು ತೋಳನ್ನೂ ಅದಲು ಬದಲು ಮಾಡಿದವಳಲ್ಲ.
ಕಾರಿಗೂ ತನ್ನದೇ ಎಡಬಲ ಇರುತ್ತದೆಂದು
ಆ ಹೊತ್ತಿಗೆ ಹೊಳೆಯಲಿಲ್ಲ ನೋಡಿ.

ಬಿಚ್ಚಬಹುದಿತ್ತು. ಎರಡು ವೈರು ಅತ್ತಿಂದಿತ್ತ, ಅಷ್ಟೇ ಕೆಲಸ.
ಆದರೆ ಹೊತ್ತು ಇಳಿದಿತ್ತು, ಹನ್ನೊಂದರಲ್ಲಿ ಮೂರಕ್ಕೆ
ಇನ್ನೂ ಹುಕ್ಕು ಕೂತಿರಲಿಲ್ಲ.
ಇರಲಿ, ಬಟ್ಟೆಗೂ ಒಂದು ಉಲ್ಟಾ ಇರುತ್ತದೆ,
ಮೈಗೆ ತಾಗುವುದು ಅದೇ ಎಂದು
ಬಾಗಿಲಿಗೆ ಅದರ ಲೈನಿಂಗು ಮತ್ತೆ ತೊಡಿಸಿದೆ.

ಬುಧವಾರ ಆಯನೂರಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ.
ಅರ್ಧ ತೆರೆದ ಗಾಜಿಗೆ ಬಗ್ಗಿ "ಲೈಸೆನ್ಸು" ಅಂದ.
ಮರ್ಯಾದೆಗೆಂದು ಪೂರ್ತಿ ಇಳಿಸಹೋದೆ,
ಹಳೆಯ ಬೆರಳು, ಹಳೆಯ ಅಭ್ಯಾಸ.
ಗಾಜು ಗುರ್ ಎಂದು ಅವನ ಮೀಸೆಯವರೆಗೂ ಏರಿತು.
ಹಿಂದಿನ ಸೀಟಿನಲ್ಲಿ, ಹನ್ನೊಂದು ರವಿಕೆಗಳ ಪಕ್ಕ,
ಫರ್ಹಾನಾ ದುಪಟ್ಟಾ ಬಾಯಿಗೆ ತುರುಕಿಕೊಂಡಳು.
"ಒಂದ್ನಿಮಿಷ ಸಾರ್" ಅಂದೆ, ಗಾಜಿನ ಈ ಕಡೆಯಿಂದ,
"ಇದು ಮನೆಯಲ್ಲೇ ಹೊಲಿದದ್ದು."