ಮೈಕಿನವನ ಶಿಫಾರಸು

ಯಾರನ್ನ ಮೊದಲ ಕೇಳಬೇಕು ಅಂತ ಕೇಳಿದಿ.
ಕೂಡು ತಂಗಿ, ಆ ವೈರಿನ ಸುರಳಿ ಸರಿಸಿ ಕೂಡು.
ನನಗ ರಾಗ ತಿಳಿಯಂಗಿಲ್ಲ, ಇಂಗ್ಲೀಷ್ ಅಂತೂ ಇಲ್ಲವ ಇಲ್ಲ.
ಐವತ್ತೆರಡು ವರ್ಷ ಗಣೇಶಪೇಟಿ ಸಂದ್ಯಾಗ
ಮೈಕ್ ಸೆಟ್ ಬಾಡಿಗಿ ಕೊಟ್ಟಾಂವ ನಾ.
ಹಾಡಾಕಿ ಎಂಥಾಕಿ ಅನ್ನೂದು
ಮರುದಿನ ಮೈಕು ತಿರುಗಿ ಬಂದಾಗ ಗೊತ್ತಾಗತೈತಿ.

ಡಾಫ್ನಿ ಅಂತ ಒಬ್ಬಾಕಿ ಇದ್ಲು, ಲೋಕೋ ಫೋರ್‌ಮನ್ನನ ಮಗಳು.
ಡಿಸೆಂಬರಿನ ಕಡೀ ರಾತ್ರಿ, ರೈಲ್ವೆ ಇನ್‌ಸ್ಟಿಟ್ಯೂಟಿನ್ಯಾಗ
ಕಟ್ಟಿಗಿ ನೆಲಕ್ಕ ಪೌಡರ್ ಸುರುವಿ ಕುಣೀತಿದ್ರು ಮಂದಿ.
ಅಕಿ ಮೈಕು ಮುಟ್ಟತಿದ್ದಿಲ್ಲ.
ಒಂದು ಗೇಣು ದೂರ ನಿಂತು
ಕಿವ್ಯಾಗ ಸಾಲ ಕೇಳಿದಂಗ ಹಾಡಾಕಿ.
ಕೇಳಿದ್ದು ನನ್ನನ್ನ ಅಂತ ಇನ್ನೂರು ಮಂದೀನೂ ತಿಳಕೊಂಡು
ಕಿಸೆ ಮುಟ್ಟಿ ನೋಡಕೊಳ್ಳವರು.
ಹನ್ನೆರಡಕ್ಕ ಶೆಡ್ಡಿನ ಇಂಜಿನ್ನೆಲ್ಲಾ ಒಮ್ಮೆಲೆ ಸೀಟಿ ಹಾಕಿದ್ವಂದ್ರ
ನಿಲ್ಲಿಸಿ, ನಕ್ಕೋತ ನಿಂತು,
ಅದ ಸೀಟಿಯ ಸ್ವರದಿಂದ ತಿರುಗಿ ಎತ್ತಾಕಿ.
ಮೊದಲನೇ ಹೆಸರು ಅಕಿದು, ಬರಕೋ.

ಹನಮಂತ ಒಪ್ಪಂಗಿಲ್ಲ. ನನ್ನ ಕೂಡ ಕೇಬಲ್ ಎಳ್ಯಾಂವ.
ಅವಂಗ ಕಂಪನಿ ನಾಟಕದ ಚಂಪಾಬಾಯಿನ ದೊಡ್ಡಾಕಿ.
ಬೆಟಗೇರಿ ತಗಡಿನ ಥೇಟರು, ಖಳನ ಅಡ್ಡೆ, ಕೆಂಪು ಬಲ್ಬು,
ಹಳೇ ಜರಿ ಸೀರಿ ಕತ್ತರಿಸಿ ಹೊಲದ ಕ್ಯಾಬರೆ ಗೌನು,
ಒಳಗ ಥಂಡಿಗೆ ಹಾಕಿದ ಕಂದು ಸ್ವೆಟರಿನ ತೋಳು.
ಮೈಕು ಲಟ್ಟಣಿಗಿ ಹಿಡದಂಗ ಹಿಡಿಯಾಕಿ.
ಶಿಳ್ಳಿ ಹೊಡದವಗ ಹಾಡಿನ ನಡುವ
ಅವನ ಮುತ್ಯಾನ ತನಕಾ ಎಣಿಸಿ
ತಾಳ ತಪ್ಪದ ತಿರುಗಿ ಬರಾಕಿ. ಅದು ಹೌದು, ಕಲಿಯೂವಂಥಾದ್ದು.
ಆದರ ಎಕೋ ಭಾಳ ಬೇಡತಿದ್ಲು.
ಎಕೋ ಬೇಡಾವರ ಮ್ಯಾಲೆ ನನಗ ನಂಬಿಕಿ ಕಡಿಮಿ.
ಇದಕ್ಕಂತನ ಒಮ್ಮೆ ಅಣ್ಣಿಗೇರಿ ದಾರ್ಯಾಗ ಟೆಂಪೋ ನಿಲ್ಲಿಸಿ
ಇಬ್ಬರೂ ಜಗಳಾಡೇವಿ, ಹಾರ್ಮೋನಿಯಂನಾಂವ ಕೆಳಗಿಳದು ಹೋಗೂತನಾ.

ಇನ್ನೊಬ್ಬಾಕಿ ವಿದ್ಯಾನಗರದ ಕಾಲೇಜಿನ್ಯಾಕಿ, ಶಿಗ್ಗಾವಿ ಕಡೆಯವಳು.
ಹೆಸರು ಮರತೇನಿ, ದನಿ ಮರತಿಲ್ಲ.
ನಾಕು ಗಿಟಾರಿನ ಹುಡುಗರ ನಡುವ ಬರಿಗಾಲಿಲೆ ನಿಂತಿದ್ಲು.
ಅರಿವಿ ಅಂಗಡ್ಯಾಗ ಹೊಸಾ ಥಾನ ಹರೀತಾರಲ್ಲ,
ನೂಲು ಹಿಡದು ಸೀದಾ,
ಹಂಗ ಹರೀತು ದನಿ.
ರಾಕ್ ಅಂತಾರಂತ ಅದಕ್ಕ.
ಮುಂದಿನ ಸಾಲಿನ ದೊಡ್ಡವರು ಇಳಸು, ಇಳಸು ಅಂತ ಕೈ ಮಾಡಿದ್ರು.
ಇಳಸಿದಂಗ ಮಾಡಿ ಒಂದು ಗೆರಿ ಏರಿಸಿದೆ.
ಧಂಧೆದಾಗ ನಾ ಮಾಡಿದ್ದು ಅದೊಂದ ಮೋಸ.
ಬಹುಮಾನ ಭಾವಗೀತೆಗೆ ಹೋತು.

ಕ್ಯಾಸೆಟ್ ಎಲ್ಲಿ ಅಂತಿ.
ಇಲ್ಲ ತಂಗಿ. ಫೋನಿನ್ಯಾಗ ತಿಕ್ಕಬ್ಯಾಡ, ಸಿಗಂಗಿಲ್ಲ.
ಹಾಡು ಹಿಡದಿಡೂದು ನಮ್ಮ ಕಸಬ ಅಲ್ಲ,
ಜೋರು ಮಾಡೂದಷ್ಟ.
ಉಳದದ್ದೇನಿದ್ರೂ ಈ ಜಾಳಿಗ್ಯಾಗ.
ಸ್ಪಿರಿಟ್ ಹಚ್ಚಿ ಎಷ್ಟು ಒರಸಿದರೂ
ಇಲ್ಲೊಂದು ತುಟಿಬಣ್ಣ, ಇಲ್ಲೆ ನೋಡು, ಹಲ್ಲಿನ ತಗ್ಗು,
ಶಿಗ್ಗಾವಿಯಾಕಿ ಕಡೀ ಸಾಲಿಗೆ ಕಚ್ಚಿದ್ದು.

ಇದನ್ನ ಒಯ್ಯಿ ಐತವಾರಕ್ಕ.
ಹಲೋ ಹಲೋ ಒನ್ ಟೂ ಅನಬ್ಯಾಡ, ಅದನ್ನ ಎಲ್ಲಾರೂ ಅಂತಾರ.
ಹೆಸರು ಹೇಳು, ಅಡ್ಡಹೆಸರು ಸೈತ:
ಪ್ರತೀಕ್ಷಾ ಮೆಣಸಿನಕಾಯಿ.
ನಗತಾರು. ನಗಲಿ.
ನಗೂ ಮುಗಿಯೂದರಾಗ ಶುರು ಮಾಡು.

ಬಾಡಿಗಿ ಇನ್ನೂರು.
ಅರ್ಧಾ ಬಿಡು ಅಂತಾನ ಹನಮಂತ.
ಅವನ ಮಾತು ನಾ ಯಾವಾಗ ಕೇಳೇನಿ.